ಹಂಸದ ಕಣ್ಣು ಮತ್ತು ಕೆಳಗಿನ ಕಂಪ್ಯೂಟರ್

ಹಂಸದ ಕಣ್ಣು ನಾಲ್ಕು ಚೌಕ. ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು. ಎಡದಿಂದ ಎಣಿಸಿದರೆ ನಲವತ್ತೇಳು, ನಲವತ್ತೆಂಟು. ಮೇಲಿನಿಂದ ಎಣಿಸಿದರೆ ಹನ್ನೊಂದು, ಹನ್ನೆರಡನೆಯ ಸಾಲು. ಒಂದು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ನಾಲ್ಕು ಚೌಕಗಳನ್ನು ಹುಡುಕುತ್ತ ಒಂದು ಬಾಣದ ಗುರುತು ಹಂಸದ ತಲೆಯ ಸುತ್ತ ನಾಲ್ಕು ನಿಮಿಷ ತಿರುಗಿತು. ಕೊನೆಗೆ ಹದಿನೈದು, ಹದಿನಾರನೆಯ ಸಾಲಿನಲ್ಲಿ ನಿಂತು ಅಲ್ಲಿ ಕಣ್ಣಿಟ್ಟಿತು. ಅದು ಕುತ್ತಿಗೆ.

ಬಾಣವನ್ನು ಆಡಿಸುತ್ತಿದ್ದವರು ಅಪ್ಪ, ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಶೆಡ್ಡಿನ ಮುಂದಿನ ಕೋಣೆಯಲ್ಲಿ. ನೋಡುತ್ತಿದ್ದವಳು ನಾನು, ದೇವನಹಳ್ಳಿಯ ಬಾಡಿಗೆ ರೂಮಿನಲ್ಲಿ, ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು. ನೋಡುತ್ತಿದ್ದೇನೆಂದು ನಾನು ಅವರಿಗೆ ಹೇಳಿರಲಿಲ್ಲ.

ಏರ್‌ಪೋರ್ಟ್ ಶುರುವಾಗಿ ಆಗ ಮೂರ್ನಾಲ್ಕು ವರ್ಷವಾಗಿತ್ತು. ನನಗೆ ಅಲ್ಲಿ ಸರಕು ಸಾಗಣೆಯ ಒಂದು ಕಚೇರಿಯಲ್ಲಿ ಕೆಲಸ. ಹೊರದೇಶಕ್ಕೆ ಹೋಗುವ ಗುಲಾಬಿ, ದ್ರಾಕ್ಷಿ, ಔಷಧಿಗಳ ಕಾಗದಪತ್ರದಲ್ಲಿ ಒಂದಕ್ಷರ ತಪ್ಪಿದ್ದರೂ ಹಿಡಿಯಬೇಕು. ಬೆಳಿಗ್ಗೆ ಏಳಕ್ಕೆ ಹಾಜರಿ. ಊರಿಂದ ಬಸ್ಸು ಸಿಕ್ಕರೆ ಮುಕ್ಕಾಲು ಗಂಟೆ, ಸಿಗದಿದ್ದರೆ ಅರ್ಧ ದಿನ. ಆದ್ದರಿಂದ ವಾರವೆಲ್ಲ ದೇವನಹಳ್ಳಿಯಲ್ಲಿ ರೂಮು, ಶನಿವಾರ ಸಂಜೆ ಮನೆ. ತಪ್ಪು ಹಿಡಿಯುವ ಕೆಲಸಕ್ಕೆ ನನ್ನನ್ನು ಯಾಕೆ ತೆಗೆದುಕೊಂಡರೆಂದು ಕೇಳಿದರೆ, ಕಂಪ್ಯೂಟರ್ ವಿಜ್ಞಾನದ ಎಂ.ಎಸ್ಸಿ. ಎಂದು ಹೇಳುತ್ತೇನೆ. ನಿಜವಾದ ಕಾರಣ, ಚಿಕ್ಕಂದಿನಿಂದ ಅಪ್ಪನ ಗ್ರಾಫಿನಲ್ಲಿ ಚುಕ್ಕಿ ಎಣಿಸಿದ್ದು.

ನಮ್ಮ ಮನೆಯಲ್ಲಿ ಎಂಟು ಪವರ್‌ಲೂಮ್. ಮಗ್ಗ ನಡೆಸುವುದು ಚಿಕ್ಕಪ್ಪ, ಡಿಸೈನು ಹಾಕುವುದು ಅಪ್ಪ. ಸೀರೆಯ ಅಂಚಿನಲ್ಲಿ ಬರುವ ಹಂಸ, ಗಿಣಿ, ಮಾವಿನಕಾಯಿ ಎಲ್ಲವೂ ಮೊದಲು ಚೌಕುಳಿ ಹಾಳೆಯ ಮೇಲೆ ಚುಕ್ಕಿಯಾಗಿ ಬರಬೇಕು. ಹಾಳೆಯ ಒಂದೊಂದು ಸಾಲಿಗೆ ಒಂದೊಂದು ರಟ್ಟಿನ ಕಾರ್ಡು, ಚುಕ್ಕಿಯಿದ್ದಲ್ಲಿ ತೂತು. ಆ ಕಾರ್ಡುಗಳನ್ನು ಸರದ ಹಾಗೆ ಪೋಣಿಸಿ ಮಗ್ಗದ ತಲೆಯ ಮೇಲಿನ ಜಕಾರ್ಡಿಗೆ ತೂಗು ಹಾಕಿದರೆ, ತೂತು ಇದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಇಲ್ಲ. ಮಗ್ಗಕ್ಕೆ ಸ್ವಂತ ಬುದ್ಧಿಯಿಲ್ಲ. ಹಾಳೆಯಲ್ಲಿ ಒಂದು ತಪ್ಪಿದ್ದರೆ ಸೀರೆಯ ಉದ್ದಕ್ಕೂ ಗೇಣಿಗೆ ಮೂರು ಸಲ ಅದೇ ತಪ್ಪನ್ನು ನಿಷ್ಠೆಯಿಂದ ನೇಯುತ್ತದೆ.

ಬೀದಿಯಲ್ಲಿ ಅಪ್ಪನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಗ್ರಾಫಿನೋರು ಎನ್ನುತ್ತಿದ್ದರು. ನಾನು ಗ್ರಾಫಿನೋರ ಮಗಳು. ಮೂವತ್ತು ವರ್ಷ ಅಪ್ಪ ಪೆನ್ಸಿಲಿನಲ್ಲಿ ಡಿಸೈನು ಹಾಕಿದರು. ಆಮೇಲೆ ಕಾರ್ಡಿಗೆ ತೂತು ಹೊಡೆಯುವ ಅಂಗಡಿಯವರು ಹಾಳೆ ಬೇಡ, ಪೆನ್‌ಡ್ರೈವಿನಲ್ಲಿ ಫೈಲು ಕೊಡಿ ಎಂದರು. ನಾನು ಬಿಡಿಭಾಗ ತಂದು ಜೋಡಿಸಿ ಶೆಡ್ಡಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟೆ. ಅಪ್ಪ ಮೂರು ತಿಂಗಳಲ್ಲಿ ಕಲಿತರು. ಕಲಿಯುವುದರಲ್ಲಿ ಅವರಿಗೆ ತೊಂದರೆಯಿರಲಿಲ್ಲ. ತೊಂದರೆ ಕಂಪ್ಯೂಟರ್ ಮಾತಾಡತೊಡಗಿದಾಗ.

"ಏನೋ ಒಂದು ಡಬ್ಬ ಬಂತು ಕಣಮ್ಮ," ಎಂದು ಫೋನು ಮಾಡುತ್ತಿದ್ದರು.

"ಏನಂತ ಬರೆದಿದೆ?"

"ಇಂಗ್ಲಿಷಲ್ಲಿ ಬರೆದೈತೆ."

"ಒಂದೊಂದೇ ಅಕ್ಷರ ಹೇಳಿ ಅಪ್ಪ."

"ಎಲ್ಲಿ ಹೇಳ್ಲಿ, ಹೋಯ್ತು."

"ಹೋಯ್ತಾ? ನೀವು ಏನು ಒತ್ತಿದ್ರಿ?"

"ನಾನೇನೂ ಒತ್ತಿಲ್ಲ. ಅದೇ ಹೋಯ್ತು. ಡಿಸೈನೂ ಜೊತೇಲೆ ಹೋಯ್ತು."

ಇಂಥ ಐದಾರು ಫೋನುಗಳಾದ ಮೇಲೆ, ನಾನು ಎಲ್ಲಿದ್ದರೂ ಆ ಕಂಪ್ಯೂಟರಿನೊಳಗೆ ಬರುವ ಹಾಗೆ ದಾರಿ ಮಾಡಿದೆ. ಮಹಡಿಯ ನನ್ನ ಕೋಣೆಯಲ್ಲಿ ಕಾಲೇಜಿನ ಕಾಲದ ಒಂದು ಹಳೆಯ ಕಂಪ್ಯೂಟರ್ ಇತ್ತು. ಇಂಟರ್ನೆಟ್ ಬರುವುದು ಆ ಕೋಣೆಗೆ. ಅಲ್ಲಿಂದ ವೆಂಟಿಲೇಟರಿನ ಮೂಲಕ ಒಂದು ವೈರನ್ನು ಕೆಳಗಿನ ಶೆಡ್ಡಿಗೆ ಇಳಿಬಿಟ್ಟೆ. ಹೊರಗಿಂದ ಬರುವ ನನಗೆ ಮೇಲಿನ ಕಂಪ್ಯೂಟರ್ ತಲೆಬಾಗಿಲು; ಅದನ್ನು ದಾಟಿ ಕೆಳಗಿನದಕ್ಕೆ ಇಳಿಯಬೇಕು. ಮೇಲಿನದನ್ನು ಯಾವತ್ತೂ ಆರಿಸಬಾರದೆಂದು ಅಮ್ಮನಿಗೆ ಹೇಳಿದೆ. ಅಮ್ಮ ಅದರ ಮೇಲೆ ಕಸೂತಿಯ ಬಟ್ಟೆ ಹೊದಿಸಿ, ದಿನವೂ ಧೂಳು ಹೊಡೆದು, ನಂದಾದೀಪ ನೋಡಿಕೊಳ್ಳುವ ಶ್ರದ್ಧೆಯಿಂದ ನೋಡಿಕೊಂಡಳು. ವೈರಿನ ಬಗ್ಗೆ ಮಾತ್ರ ಅವಳಿಗೆ ಗೌರವವಿರಲಿಲ್ಲ. "ಕಟ್ಟೋದು ಕಟ್ಟಿದ್ಯಾ, ಸೀರೆ ಒಣಗಾಕೋ ಅಂಥ ದಪ್ಪದ್ದು ಕಟ್ಬಾರ್ದಾ," ಎಂದಳು.

ಹೊರಗಿನವರು ಯಾರಾದರೂ ಸಂಪರ್ಕಕ್ಕೆ ಬಂದರೆ ಕೆಳಗಿನ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಪಟ್ಟಿ ಕಾಣಿಸುತ್ತಿತ್ತು, ಇನ್ನೊಬ್ಬರು ನೋಡುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ. ಅದು ಬಂದಾಗಲೆಲ್ಲ ಅಪ್ಪ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಿದ್ದರಂತೆ. ನನ್ನ ಕೆಲಸ ಮುಗಿಯುವವರೆಗೂ ಕುರ್ಚಿಯ ಹಿಂದೆ ಕೈಕಟ್ಟಿ ನಿಂತಿರುತ್ತಿದ್ದರಂತೆ. ಚಿಕ್ಕಪ್ಪ ನಗುತ್ತ ಹೇಳಿದ್ದು. ಯಾಕೆಂದು ಕೇಳಿದೆ. "ನೀನು ಬಂದಾಗ ಜಾಗ ಬಿಡಬೇಕೇನೋ ಅಂದ್ಕೊಂಡೆ," ಎಂದರು ಅಪ್ಪ. ವಾರದೊಳಗೆ ನಾನು ಆ ಪಟ್ಟಿ ಕಾಣಿಸದ ಹಾಗೆ ಮಾಡಿದೆ. ಅವರು ಆರಾಮಾಗಿ ಕೂತಿರಲಿ ಎಂದು ಮಾಡಿದ್ದು. ಬೇರೆ ಉದ್ದೇಶವಿರಲಿಲ್ಲ. ಆಮೇಲೆ ಬಂತು.

ಒಂದು ಸಲ ಅಪ್ಪ ಕರೆದ ಕೆಲಸ ಮುಗಿಸಿಕೊಟ್ಟು ಹೊರಬರುವುದನ್ನು ಮರೆತೆ. ಊಟದ ಡಬ್ಬಿ ತೆಗೆಯುತ್ತ ನೋಡಿದರೆ ಪರದೆಯ ಮೇಲೆ ಒಂದು ಗಿಣಿಯ ರೆಕ್ಕೆ, ಇಟ್ಟಿಗೆ ಗೋಡೆಯಷ್ಟು ದೊಡ್ಡದಾಗಿ. ಅಪ್ಪ ಚಿತ್ರವನ್ನು ಎಷ್ಟು ಹಿಗ್ಗಿಸಿಕೊಂಡಿದ್ದರೆಂದರೆ ಒಂದು ಸಲಕ್ಕೆ ಇಪ್ಪತ್ತು ಚೌಕವೂ ಕಾಣುತ್ತಿರಲಿಲ್ಲ. ಗಿಣಿ ಯಾವುದು, ಎಲೆ ಯಾವುದು ಎಂದು ಗೊತ್ತಾಗಲು ಮತ್ತೆ ಕುಗ್ಗಿಸುವುದು, ಮತ್ತೆ ಹಿಗ್ಗಿಸುವುದು. ಬಾಣ ಚೌಕದ ಪಕ್ಕಕ್ಕೆ ಬಂದು, ಅನುಮಾನಿಸಿ, ಪಕ್ಕದ ಚೌಕಕ್ಕೆ ಬಣ್ಣ ಹಾಕುತ್ತಿತ್ತು.

ಅಪ್ಪನಿಗೆ ಕಣ್ಣು ಕಾಣುತ್ತಿಲ್ಲವೆಂದು ನನಗೆ ಗೊತ್ತಾದದ್ದು ಹೀಗೆ. ಮನೆಯಲ್ಲಿ ಎದುರಿಗೆ ಕೂತಾಗ ಗೊತ್ತಾಗಿರಲಿಲ್ಲ. ಅಲ್ಲಿ ಅವರು ತಟ್ಟೆ, ಲೋಟ, ಬಾಗಿಲು ಎಲ್ಲವನ್ನೂ ಇದ್ದ ಜಾಗದಲ್ಲೇ ಹಿಡಿಯುತ್ತಿದ್ದರು.

ಅವರು ಯಾರಿಗೂ ಹೇಳದಿದ್ದುದಕ್ಕೆ ಕಾರಣವಿತ್ತು. ಆ ವರ್ಷ ಯುಗಾದಿಯ ಹೊತ್ತಿಗೆ ನಮ್ಮ ಒಂದು ಅಂಚು ಸೀರೆ ಅಂಗಡಿಯಿಂದ ವಾಪಸ್ ಬಂದಿತ್ತು. ಬಣ್ಣದ ಎಳೆ ತುಂಬ ದೂರ ಹಾಗೇ ಹೋದರೆ ಬಟ್ಟೆಯ ಮೇಲೆ ಸಡಿಲವಾಗಿ ಜೋತಾಡುತ್ತದೆ, ಬಳೆಗೆ ಸಿಕ್ಕಿಕೊಳ್ಳುತ್ತದೆ. ನಡುನಡುವೆ ಚುಕ್ಕಿಯಿಟ್ಟು ಅದನ್ನು ಕಟ್ಟಬೇಕು. ಅಪ್ಪ ಮೂರು ಕಡೆ ಆ ಕಟ್ಟು ಹಾಕದೆ ಬಿಟ್ಟಿದ್ದರು. ಅವತ್ತು ಚಿಕ್ಕಪ್ಪ ಅಂಗಿಯ ಜೇಬಿಂದ ಒಂದು ಪೆನ್‌ಡ್ರೈವ್ ತೆಗೆದು ತೋರಿಸಿದರು. "ನೋಡಣ್ಣ, ಸೂರತ್‌ನಿಂದ ರೆಡಿಮೇಡ್ ಡಿಸೈನು ಬರ್ತವೆ. ಇದ್ರಲ್ಲಿ ಇನ್ನೂರೈತೆ. ಇನ್ನೊಂದು ಸಲ ಹಿಂಗಾದ್ರೆ ನಾನು ಇದನ್ನೇ ಹಾಕೋನು. ನೀನು ಆರಾಮಾಗಿ ಮನೇಲಿರು." ಚಿಕ್ಕಪ್ಪ ಕೆಟ್ಟವರಲ್ಲ. ಎಂಟು ಮಗ್ಗಕ್ಕೆ ಕೆಲಸ ಹೊಂದಿಸುವವರು. ಆದರೆ ಅಪ್ಪನಿಗೆ ಆರಾಮಾಗಿ ಮನೆಯಲ್ಲಿರುವುದೆಂದರೆ ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗ್ರಾಫಿನೋರು ಎಂಬ ಹೆಸರೇ ಇರುವುದಿಲ್ಲ.

ಅವತ್ತಿನಿಂದ ಪೆನ್‌ಡ್ರೈವ್ ಚಿಕ್ಕಪ್ಪನ ಜೇಬಲ್ಲೇ ಇತ್ತು. ಅವರು ಬಗ್ಗಿದಾಗಲೆಲ್ಲ ಬೀಳದಿರಲೆಂದು ಕೈಯಲ್ಲಿ ಅದುಮಿ ಹಿಡಿಯುತ್ತಿದ್ದರು.

ನನ್ನ ಫೋನನ್ನು ಯಾರಾದರೂ ಸುಮ್ಮನೆ ಕೈಗೆತ್ತಿಕೊಂಡರೂ ನನಗೆ ಆಗುವುದಿಲ್ಲ. ರೂಮಿನಲ್ಲಿ ಜೊತೆಗಿದ್ದವಳಿಗೆ ನನ್ನ ಊಟದ ಡಬ್ಬಿಯೊಳಗೆ ಏನಿದೆ ಎಂದು ಎರಡು ವರ್ಷವಾದರೂ ಗೊತ್ತಿರಲಿಲ್ಲ. ಅಂಥ ನಾನು ದಿನವೂ ಮಧ್ಯಾಹ್ನ ಒಂದೂಕಾಲಿಗೆ ಕಚೇರಿಯ ಕ್ಯಾಂಟೀನಿನ ಮೂಲೆಯಲ್ಲಿ ನನ್ನ ಲ್ಯಾಪ್‌ಟಾಪಿಗೆ ಇಂಟರ್ನೆಟ್ಟಿನ ಡಾಂಗಲ್ ಚುಚ್ಚಿ, ಅಪ್ಪ ಊಟ ಮಾಡಿ ಮಲಗಿರುವ ಹೊತ್ತಿನಲ್ಲಿ, ಅವರ ಕಂಪ್ಯೂಟರಿನೊಳಗೆ ಇಳಿದು, ಬಿಟ್ಟುಹೋದ ಕಟ್ಟುಗಳನ್ನು ಹಾಕಿ, ಎರಡೂಕಾಲಿಗೆ ಹೊರಬರತೊಡಗಿದೆ. ಅವರು ಕೂತಿರುವಾಗ ಹೋಗಬಾರದೆಂದು ನಿಯಮ ಮಾಡಿಕೊಂಡಿದ್ದೆ. ಡಿಸೈನು ಬಿಟ್ಟು ಬೇರೆ ಏನನ್ನೂ ತೆರೆಯುತ್ತಿರಲಿಲ್ಲ. ಪಕ್ಷಿಯ ಕಣ್ಣನ್ನು ಮುಟ್ಟುತ್ತಿರಲಿಲ್ಲ. ಅದು ನನ್ನ ನಿಯಮವಲ್ಲ, ಮನೆಯದು. ಚಿತ್ರವೆಲ್ಲ ಮುಗಿದ ಮೇಲೆ, ಬೆಳಿಗ್ಗೆ ಸ್ನಾನ ಮಾಡಿ, ಹಾಕಿದವರೇ ಕಣ್ಣಿಡಬೇಕು. ತಾತನ ಕಾಲದಿಂದ ಹಾಗೇ. ಅಪ್ಪ ಪೆನ್ಸಿಲು ಬಿಟ್ಟು ಮೌಸ್ ಹಿಡಿದ ಮೇಲೂ ಸ್ನಾನ ಮಾಡಿಯೇ ಕಣ್ಣಿಡುತ್ತಿದ್ದರು.

ಆರೇಳು ತಿಂಗಳು ಅಂಗಡಿಯಿಂದ ಒಂದು ಸೀರೆಯೂ ವಾಪಸ್ ಬರಲಿಲ್ಲ.

ಒಂದು ಭಾನುವಾರ ನಾನು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ಹಿಂದಿನ ಬೀದಿಯ ನೇಕಾರರೊಬ್ಬರು ಅಪ್ಪನನ್ನು ಹುಡುಕಿಕೊಂಡು ಬಂದರು. ಅವರೂ ಹೊಸದಾಗಿ ಕಂಪ್ಯೂಟರ್ ತಂದಿದ್ದರು.

"ಅಣ್ಣೋ, ನಿಮ್ದು ಯಾವ ಕಂಪನೀದು? ತಾನೇ ತಿದ್ಕೊಳ್ತದಂತೆ?"

"ಹೂಂ," ಎಂದರು ಅಪ್ಪ. "ನಾನೊಂದು ಕಟ್ಟು ಬಿಟ್ಟಿದ್ರೂ ಊಟ ಮಾಡ್ಕೊಂಡು ಬರೋ ಹೊತ್ಗೆ ಅದೇ ಹಾಕ್ಕೊಂಡಿರ್ತದೆ."

"ನಮ್ದು ಹೊಸಾದು. ಒಂದು ಚುಕ್ಕೀನೂ ತಿದ್ದಲ್ಲ. ಸುಮ್ನೆ ಗುಂಯ್ ಅಂತದೆ."

"ಊಟಕ್ಕೆ ಬಿಡ್ತೀಯೇನು ಅದನ್ನ?"

"ಅದಕ್ಕೇನು ಊಟ ಅಣ್ಣ?"

"ಒಂದೂಕಾಲಿಂದ ಎರಡೂಕಾಲು ಗಂಟ ಮುಟ್ಬಾರ್ದು. ಅದರ ಪಾಡಿಗೆ ಬಿಟ್ಬಿಡಬೇಕು. ನೋಡು ಆಮೇಲೆ."

ನಾನು ಅವರೆಕಾಯಿಯ ಮೇಲಿಂದ ತಲೆ ಎತ್ತಲಿಲ್ಲ. ಕಂಪ್ಯೂಟರ್ ತಾನೇ ತಿದ್ದುತ್ತದೆಂದು ಅಪ್ಪ ನಂಬಿದ್ದಾರೆ. ನಂಬಿಕೊಂಡಿರಲಿ, ಅದೇ ಅನುಕೂಲ ಎಂದುಕೊಂಡೆ. ಹಿಂದಿನ ಬೀದಿಯವರು ಮೂರು ದಿನ ಒಂದೂಕಾಲಿಂದ ಎರಡೂಕಾಲರವರೆಗೆ ಕೋಣೆಯ ಬಾಗಿಲು ಹಾಕಿಕೊಂಡು ಹೊರಗೆ ಕಾದರಂತೆ. ಆಮೇಲೆ ಕಂಪ್ಯೂಟರ್ ಅಂಗಡಿಯವನ ಜೊತೆ ಜಗಳವಾಡಿದರಂತೆ.

ಇನ್ನು ಆ ಬುಧವಾರ. ಹಿಂದಿನ ಭಾನುವಾರ ಕೆಲಸ ಮಾಡಿದ್ದಕ್ಕೆ ನನಗೆ ಅವತ್ತು ರಜೆ ಕೊಟ್ಟಿದ್ದರು. ಒಂದು ದೊಡ್ಡ ಸೀರೆ ಅಂಗಡಿಗೆ ಹೊಸ ಅಂಚು ಹೋಗಬೇಕಿತ್ತು, ಹಂಸದ್ದು. ಚಿಕ್ಕಪ್ಪ ನಾಲ್ಕು ಮಗ್ಗ ಅದಕ್ಕೇ ಖಾಲಿ ಮಾಡಿಟ್ಟುಕೊಂಡಿದ್ದರು. ಕಟ್ಟುಗಳೆಲ್ಲ ಸರಿಯಾಗಿದ್ದವು, ನಾನೇ ಹಾಕಿದ್ದೆ. ಕಣ್ಣಿಡುವುದೊಂದು ಉಳಿದಿತ್ತು. ಅಪ್ಪ ಅವತ್ತು ಬೆಳಿಗ್ಗೆ ಇಡುತ್ತಾರೆಂದು ಫೋನಿನಲ್ಲಿ ಅಮ್ಮ ಹೇಳಿದ್ದಳು. ಅವರು ಕೂತಿರುವಾಗ ಹೋಗಬಾರದೆಂಬ ನನ್ನದೇ ನಿಯಮವನ್ನು ಮುರಿದು ಹೋದೆ.

ಕಣ್ಣು ಕುತ್ತಿಗೆಗೆ ಬಿತ್ತು. ಅಪ್ಪ ಚಿತ್ರವನ್ನು ಕುಗ್ಗಿಸಿ ಒಂದು ಸಲ ನೋಡಿದರು. ಬಾಣ ಹಂಸದ ಮೇಲೆ ಸ್ವಲ್ಪ ಹೊತ್ತು ಅಲುಗಾಡದೆ ನಿಂತಿತು. ಆಮೇಲೆ ಫೈಲನ್ನು ಉಳಿಸಿ ಮುಚ್ಚಿದರು.

ಮಧ್ಯಾಹ್ನ ಒಂದೂಕಾಲಿಗೆ ಮತ್ತೆ ಇಳಿದೆ. ಕುರ್ಚಿ ಖಾಲಿಯಿರುವ ಹೊತ್ತು. ಮಾಡಬೇಕಾದ್ದು ಎಂಟು ಕ್ಲಿಕ್ಕು. ಕುತ್ತಿಗೆಯ ನಾಲ್ಕು ಚೌಕ ಅಳಿಸುವುದು, ತಲೆಯಲ್ಲಿ ನಾಲ್ಕು ತುಂಬುವುದು. ಬಾಣವನ್ನು ಕುತ್ತಿಗೆಯವರೆಗೂ ಒಯ್ದು ವಾಪಸ್ ತಂದೆ. ಮತ್ತೆ ಒಯ್ದೆ. ಕಟ್ಟು ಹಾಕುವುದು ಬೇರೆ. ಅದು ಅಕ್ಷರ ತಪ್ಪು ತಿದ್ದಿದಂತೆ. ಕಣ್ಣನ್ನು ತೆಗೆದು ಬೇರೆ ಕಡೆ ಇಟ್ಟರೆ ಆ ಹಂಸ ಅಪ್ಪನದಾಗಿ ಉಳಿಯುವುದಿಲ್ಲ. ಜೊತೆಗೆ, ಇದು ಹೇಳಲು ನನಗೆ ಸಂಕೋಚ, ನಾನು ಅವತ್ತು ಸ್ನಾನವನ್ನೂ ಮಾಡಿರಲಿಲ್ಲ. ಫೈಲು ಕಾರ್ಡಿನ ಅಂಗಡಿಗೆ ಹೋಗುವುದು ಶುಕ್ರವಾರ ಎಂದು ನನ್ನ ಲೆಕ್ಕ. ನಾಳೆ ತಿದ್ದೋಣ ಎಂದುಕೊಂಡು ಹೊರಬಂದೆ.

ಮರುದಿನ ಸ್ನಾನ ಮಾಡಿಯೇ ಕೆಲಸಕ್ಕೆ ಹೋದೆ. ಒಂದೂಕಾಲಿಗೆ ಕ್ಯಾಂಟೀನಿನಲ್ಲಿ ಕೂತೆ. ಮೇಲಿನ ಕಂಪ್ಯೂಟರ್ ಸಿಕ್ಕಿತು. ಕೆಳಗಿನದು ಸಿಗಲಿಲ್ಲ.

ಅಂದರೆ ಇಂಟರ್ನೆಟ್ ಸರಿಯಿದೆ, ಮನೆಯೊಳಗೇ ಎಲ್ಲೋ ತುಂಡಾಗಿದೆ. ಕೆಳಗಿನ ಕಂಪ್ಯೂಟರಿನ ವಿಳಾಸ ಬದಲಾಗಿರಬಹುದೆಂದು ಹುಡುಕಿದೆ. ಮೇಲಿನದರಿಂದ ಕೆಳಗಿನದನ್ನು ಕೂಗಿ ನೋಡಿದೆ, ಉತ್ತರವಿಲ್ಲ. ಮಲಗಿದ್ದರೆ ಏಳಿಸುವ ಒಂದು ಉಪಾಯವಿದೆ, ಅದನ್ನೂ ಮಾಡಿದೆ. ಏಳಲಿಲ್ಲ. ವೈರನ್ನು ಇಲಿ ಕಡಿದಿರಬೇಕೆಂದು ಅಮ್ಮನಿಗೆ ಫೋನು ಮಾಡಿದೆ.

"ಅಮ್ಮ, ಮೇಲಿನ ಕಂಪ್ಯೂಟರ್ ಸಿಗ್ತಿದೆ, ಕೆಳಗಿನದು ಸಿಗ್ತಿಲ್ಲ. ವೈರು ನೋಡು."

ಅಮ್ಮ ಹೋದಳು, ಬಂದಳು. "ವೈರಿನ ಮೇಲೆ ನಿಮ್ಮಪ್ಪನ ಬನೀನು ಹಾಕಿದ್ದೆ, ತೆಗೆದೆ. ಈಗ ಬಂತಾ?"

"ಇಲ್ಲ."

"ಟವಲ್ಲೂ ತೆಗೀಲಾ?"

"ವೈರು ತುಂಡಾಗಿದೆಯಾ ನೋಡಮ್ಮ."

"ಚೆನ್ನಾಗೇ ಐತೆ. ನಿಂಗೇನೇ ಇವತ್ತು ಅದರ ಜೊತೆ ಕೆಲಸ? ಅಮಾಸೆ ಅಲ್ವೇನೇ?"

ನಮ್ಮ ಮನೆಯಲ್ಲಿ ಅಮಾವಾಸ್ಯೆಗೆ ಮಗ್ಗ ಆಡುವುದಿಲ್ಲ. ಬೆಳಿಗ್ಗೆ ಶೆಡ್ಡನ್ನು ಗುಡಿಸಿ, ಅದರ ಮೈನ್ ಸ್ವಿಚ್ ಕೆಳಗೆ ಮಾಡಿ, ಅದಕ್ಕೆ ಅಮ್ಮ ಕುಂಕುಮವಿಟ್ಟು ಊದುಬತ್ತಿ ಹಚ್ಚುತ್ತಾಳೆ. ಮಾರನೆಯ ಬೆಳಗಿನವರೆಗೆ ಅದನ್ನು ಯಾರೂ ಮೇಲೆತ್ತುವುದಿಲ್ಲ. ನಾನು ಹುಟ್ಟಿದಾಗಿನಿಂದ ನೋಡಿದ್ದು. ಹಿಂದಿನ ಅಮಾವಾಸ್ಯೆಗಳು ಹೇಗೋ ನನ್ನ ರಜೆಯಲ್ಲೋ, ತಿದ್ದಲು ಏನೂ ಇಲ್ಲದ ದಿನವೋ ಕಳೆದುಹೋಗಿದ್ದವು. ವಿಳಾಸ, ವೈರು, ಇಲಿ ಎಲ್ಲವನ್ನೂ ಯೋಚಿಸಿದ ನನಗೆ ಕ್ಯಾಲೆಂಡರ್ ಹೊಳೆದಿರಲಿಲ್ಲ.

"ಮೈನ್ ಒಂದು ಹತ್ತು ನಿಮಿಷ ಹಾಕೋಕಾಗುತ್ತಾ?" ಎಂದು ಕೇಳಿದೆ.

ಅಮ್ಮ "ಓದಿದ್ದು ಜಾಸ್ತಿ ಆಯ್ತು ನಿಂದು," ಎಂದಳು. ಆಮೇಲೆ, "ಆ ಹಂಸದ್ದಾದ್ರೆ ನಿಮ್ಮ ಚಿಕ್ಕಪ್ಪ ಬೆಳಿಗ್ಗೇನೇ ತಗೊಂಡೋದ್ರು. ಮಗ್ಗ ಇಲ್ವಲ್ಲ, ಕೈ ಬಿಡುವಾಗಿತ್ತು. ರಾತ್ರೀನೇ ನಿಮ್ಮಪ್ಪ ಇನ್ನೊಂದು ಪೆನ್‌ಡ್ರೈವಿಗೆ ಹಾಕ್ಕೊಟ್ಟಿದ್ರು."

ಕಾರ್ಡಿಗೆ ತೂತು ಹೊಡೆಯುವ ಅಂಗಡಿಯವರು ನೇಕಾರರಲ್ಲ. ಅವರಿಗೆ ಅಮಾವಾಸ್ಯೆಯಿಲ್ಲ.

ಶನಿವಾರ ಸಂಜೆ ನಾನು ಮನೆಗೆ ಬರುವ ಹೊತ್ತಿಗೆ ಮೊದಲ ಸೆಟ್ಟಿನ ಕಾರ್ಡುಗಳನ್ನು ಪೋಣಿಸಿ ಒಂದು ಮಗ್ಗದ ಮೇಲೆ ಹಾಕಿಯಾಗಿತ್ತು. ಭಾನುವಾರ ಬೆಳಿಗ್ಗೆ ಶುರು ಮಾಡುವುದೆಂದು ಇಟ್ಟಿದ್ದರು. ನಾನು ಅಪ್ಪನಿಗೆ ಹೇಳಬೇಕೆಂದು ಎರಡು ಸಲ ಅವರ ಪಕ್ಕ ಹೋಗಿ ಕೂತೆ. ಹೇಳಿದರೆ ಹೇಗೆ ಗೊತ್ತೆಂದೂ ಹೇಳಬೇಕು. ಒಂದು ಸಲ ನೀರು ಕುಡಿದು ಎದ್ದೆ. ಇನ್ನೊಂದು ಸಲ ಬಸ್ಸಿನ ಬಗ್ಗೆ ಮಾತಾಡಿದೆ.

ಬೆಳಿಗ್ಗೆ ಎಂಟಕ್ಕೆ ಒಂದು ಮಗ್ಗ ಶುರುವಾಗಿ, ಒಂದು ಗೇಣು ನೇಯುವಷ್ಟರಲ್ಲಿ ನಿಂತಿತು. ಸದ್ದು ನಿಂತರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಎಚ್ಚರ. ನಾನು ಕಾಫಿ ಲೋಟ ಹಿಡಿದುಕೊಂಡೇ ಹೋದೆ. ಅಂಚಿನಲ್ಲಿ ಮೂರು ಹಂಸ ಬಂದಿದ್ದವು. ಮೂರಕ್ಕೂ ಮುಖ ಕುರುಡು, ಗಂಟಲಲ್ಲಿ ಏನೋ ಸಿಕ್ಕಿಕೊಂಡಿತ್ತು.

"ಅಣ್ಣಾ, ಬಾ ಇಲ್ಲಿ," ಎಂದರು ಚಿಕ್ಕಪ್ಪ. "ಇದೇನು ಹಂಸವಾ, ಇಲ್ಲಾ ಗೋಲಿ ನುಂಗಿರೋ ಕೋಳಿಯಾ?"

ಅಪ್ಪ ಬಂದು ಅಂಚನ್ನು ಮುಖದ ಹತ್ತಿರ ಎಳೆದುಕೊಂಡರು. ಕಿಟಕಿಯ ಕಡೆ ತಿರುಗಿಸಿದರು. ಆಮೇಲೆ ನೋಡುವುದನ್ನು ಬಿಟ್ಟು ಹೆಬ್ಬೆರಳಿನಿಂದ ಸವರಿದರು.

"ನಿನ್ ಕಂಪ್ಯೂಟ್ರು ತಾನೇ ತಿದ್ಕೊಳ್ತಿತ್ತಲ್ಲ," ಎಂದರು ಚಿಕ್ಕಪ್ಪ. ಒಂದು ಕೈ ಜೇಬಿನ ಮೇಲಿತ್ತು. "ಈಗೇನಾಯ್ತು ಗುರು ಅದಕ್ಕೆ?"

ಅಪ್ಪ ಅಂಚಿನಿಂದ ಬೆರಳು ತೆಗೆಯದೆ ಹೇಳಿದರು. "ಗುರುವಾರ ಅಮಾಸೆ ಅಲ್ವೇನೋ. ಅವತ್ತು ಅದಕ್ಕೂ ರಜ."

ನನ್ನ ಕಡೆ ನೋಡಲಿಲ್ಲ. ನಾನು ಲೋಟವನ್ನು ಕಿಟಕಿಯ ಮೇಲಿಟ್ಟೆ.

"ಹಾಸ್ಯ ಬೇಡ ಅಣ್ಣ. ನಾಲ್ಕು ಮಗ್ಗ ಖಾಲಿ ನಿಂತವೆ. ಕಾಣ್ತದಾ ನಿಂಗೆ, ನಿಜ ಹೇಳು."

"ಇಲ್ಲ," ಎಂದರು ಅಪ್ಪ. ಮನೆಯಲ್ಲಿ ಆ ಮಾತು ಬಾಯಿಂದ ಹೊರಬಂದದ್ದು ಅದೇ ಮೊದಲು. "ಏಣಿ ಕೊಡು."

ಅಪ್ಪ ಏಣಿ ಹತ್ತಿ ಜಕಾರ್ಡಿನ ಪಕ್ಕ ಕೂತರು. ಕಾರ್ಡಿನ ಸರವನ್ನು ತೊಡೆಯ ಮೇಲೆಳೆದುಕೊಂಡು ಒಂದೊಂದನ್ನೇ ಬೆರಳ ಸಂದಿಯಲ್ಲಿ ದಾಟಿಸತೊಡಗಿದರು. ಎಳೆ ಎಣಿಸುವಾಗ, ಕಾರ್ಡು ಎಣಿಸುವಾಗ ಅವರು ತೆಲುಗಿನಲ್ಲಿ ಎಣಿಸುತ್ತಾರೆ. ಅವರಿಗೆ ಕಲಿಸಿದವರು ಹಾಗೆ ಎಣಿಸುತ್ತಿದ್ದರು. ಒಕಟಿ, ರೆಂಡು, ಮೂಡು. ಕಣ್ಣು ಎದುರಿನ ಗೋಡೆಯ ಮೇಲಿತ್ತು. ಹನ್ನೊಂದರಲ್ಲಿ ನಿಂತರು. ಹೆಬ್ಬೆರಳು ಕಾರ್ಡಿನ ಎಡ ಅಂಚಿನಿಂದ ತೂತಿನಿಂದ ತೂತಿಗೆ ಹೋಗಿ ನಲವತ್ತೇಳರ ಜಾಗದಲ್ಲಿ ನಿಂತಿತು. ತೂತು ಹೊಡೆಯುವ ಕೈಪಂಚು ಕೇಳಿದರು. ಕೊಟ್ಟೆ. ಎರಡು ತೂತು. ಹನ್ನೆರಡನೆಯದರಲ್ಲಿ ಎರಡು. ಹದಿನೈದು, ಹದಿನಾರರಲ್ಲಿ ಬೇಡದ ತೂತಿಗೆ ರಟ್ಟಿನ ಚೂರು ಅಂಟಿಸಿ ಅದುಮಿದರು. ಹತ್ತಿರದ ಯಾವ ತೂತೂ ಮುಚ್ಚಲಿಲ್ಲ. ನಾನು ಕೆಳಗಿನಿಂದ ಒಂದೊಂದನ್ನೂ ಎಣಿಸಿ ನೋಡಿದೆ. ತಪ್ಪು ಹಿಡಿಯುವುದು ನನ್ನ ಕೆಲಸ. ಸಿಗಲಿಲ್ಲ.

ಮಗ್ಗ ಶುರುವಾಯಿತು. ನಾಲ್ಕನೆಯ ಹಂಸಕ್ಕೆ ಕಣ್ಣು ಕಣ್ಣಿನ ಜಾಗದಲ್ಲಿತ್ತು.

ಚಿಕ್ಕಪ್ಪ ಅದನ್ನು ನೋಡಿದರು, ಐದನೆಯದು ಬರುವವರೆಗೂ ಕಾದು ಅದನ್ನೂ ನೋಡಿದರು. ಪೆನ್‌ಡ್ರೈವ್ ಜೇಬಿಂದ ಹೊರಬಂತು. ಅದನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಿದ್ದು ಕಿಟಕಿಯ ಮೇಲೆ ನನ್ನ ಲೋಟದ ಪಕ್ಕ ಇಟ್ಟರು. "ಸೂರತ್‌ನೋರೇನು ಬಂದು ಏಣಿ ಹತ್ತುತಾರಾ," ಎಂದು ಮಗ್ಗಕ್ಕೆ ಹೇಳಿದರು. ಆಮೇಲೆ ಅಪ್ಪನಿಗೆ, ಸದ್ದಿನ ಮೇಲೆ ಕೂಗಿ, "ಕಣ್ಣು ತೋರಿಸ್ಕೊಂಡ್ ಬಾ ಮೊದ್ಲು. ಅಲ್ಲೀಗಂಟ ಆ ಕುರ್ಚೀನ ಯಾರೂ ಮುಟ್ಟಲ್ಲ."

ಕಣ್ಣಾಸ್ಪತ್ರೆಗೆ ಬರುವ ಗುರುವಾರ ಹೋಗುವುದೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದ್ದು ಅಮ್ಮ, ಅಡುಗೆಮನೆಯಿಂದಲೇ.

ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಮಲಗಲಿಲ್ಲ. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತರು. ಆ ಕಲ್ಲಿನ ಮೇಲೆ ಒಂದು ಹಳೆಯ ಗೋಣಿಚೀಲ ಮಡಿಸಿ ಹಾಕಿತ್ತು. ದಿನವೂ ಯಾರೋ ಕೂತ ಗುರುತು ಅದರ ಮೇಲಿತ್ತು.

"ಇಲ್ಲಿ ಕೂರ್ತೀರಾ?" ಎಂದು ಕೇಳಿದೆ.

"ನೀನು ಬರೋ ಹೊತ್ತು," ಎಂದರು. "ಒಂದೂಕಾಲಿಗೆ ಕಂಪ್ಯೂಟ್ರು ಟಿ.ವಿ. ಥರ ಬೆಳಕಾಗ್ತಿತ್ತು, ಎರಡೂಕಾಲಿಗೆ ಆರೋದು. ನಂಗೆ ಚುಕ್ಕಿ ಕಾಣಲ್ಲ. ಬೆಳಕು ಕಾಣ್ತದೆ. ನಾನಲ್ಲೇ ಇದ್ರೆ ನಿಂಗೆ ಮುಜುಗರ ಅಂತ ಇಲ್ಲಿ ಬಂದು ಕೂರ್ತಿದ್ದೆ."

"ಬುಧವಾರ ತಿದ್ದಬೇಕು ಅಂತಲೇ ಬಂದಿದ್ದೆ," ಎಂದೆ. "ಕಣ್ಣಾದ್ದರಿಂದ ಮುಟ್ಟಲಿಲ್ಲ."

"ಮುಟ್ಟದೇ ಇದ್ದಿದ್ದು ಸರಿ."

ಸ್ವಲ್ಪ ಹೊತ್ತು ಇಬ್ಬರೂ ತೆಂಗಿನ ಮರ ನೋಡಿದೆವು. ಅವರು ಏನು ನೋಡಿದರೋ.

"ಅಲ್ಲ ಕಣಮ್ಮ," ಎಂದರು ಆಮೇಲೆ. "ಒಂದೂಕಾಲಿಂದ ಎರಡೂಕಾಲು. ಅದು ಊಟದ ಹೊತ್ತಲ್ವಾ? ಇಷ್ಟು ದಿನ ನೀನು ಊಟ ಯಾವಾಗ ಮಾಡ್ತಿದ್ದೆ?"

ಒಂದು ಕೈಯಲ್ಲಿ ಮಾಡುತ್ತಿದ್ದೆ ಎಂದು ಹೇಳಿದೆ. ಅದು ಪೂರ್ತಿ ನಿಜವಲ್ಲ. ಅವರು ನಂಬಲೂ ಇಲ್ಲ.

ಸೋಮವಾರ ಬೆಳಿಗ್ಗೆ ಐದಕ್ಕೆ ಎದ್ದು ಸ್ನಾನ ಮಾಡಿದೆ. ಮೊದಲ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಶೆಡ್ಡಿಗೆ ಹೋಗಿ ಕೆಳಗಿನ ಕಂಪ್ಯೂಟರ್ ಹಾಕಿ, ಅಪ್ಪನ ಕುರ್ಚಿಯ ಪಕ್ಕ ನಿಂತುಕೊಂಡೇ, ಯಾರಾದರೂ ಹೊರಗಿಂದ ಬಂದಾಗ ಪಟ್ಟಿ ಕಾಣಿಸುವಂತೆ ಮತ್ತೆ ಮಾಡಿದೆ. ಮೂಲೆಯಲ್ಲಲ್ಲ, ನಡುವೆ. ಅದರಲ್ಲಿದ್ದ ಇಂಗ್ಲಿಷ್ ಸಾಲು ಬರದ ಹಾಗೆ ಮಾಡಿ, ಅದರ ಬದಲು ಕನ್ನಡದಲ್ಲಿ ಬರುವಂತೆ ನಾಲ್ಕು ಸಾಲಿನ ಒಂದು ಸಣ್ಣ ಪ್ರೋಗ್ರಾಮ್ ಬರೆದೆ. ಅಕ್ಷರವನ್ನು ಎಷ್ಟು ದೊಡ್ಡದು ಮಾಡಲು ಬರುತ್ತದೋ ಅಷ್ಟು ದೊಡ್ಡದು ಮಾಡಿದೆ. ಎರಡೇ ಪದಕ್ಕೆ ಜಾಗ ಸಿಕ್ಕಿತು. "ಊಟ ಆಯ್ತು" ಎಂದು ಬರೆದು, ಉಳಿಸಿ, ಬಸ್ಸಿಗೆ ಹೊರಟೆ.